ನೇತುಹಾಕಬೇಡ, ಕೂರಿಸು: ಲೌಷಾದ ಗಾಜು, ತಿಪಟೂರಿನ ಫೋಟೊ

ಕಳೆದ ವರ್ಷ ನವೆಂಬರ್ ಕೊನೆಯಲ್ಲಿ ಮಗಳ ಶಾಲೆಯಿಂದ ಒಂದು ಚೀಟಿ ಬಂತು. ಇಂಥ ಚೀಟಿಗಳು ನಿಮ್ಮ ಮನೆಗೂ ಬಂದಿರುತ್ತವೆ, ನೀವು ಯಾವ ದೇಶದಲ್ಲಿದ್ದರೂ. ತರಗತಿಯ ಕ್ರಿಸ್‌ಮಸ್ ಮರಕ್ಕೆ ಪ್ರತಿ ಮಗುವೂ ಮನೆಯಲ್ಲೇ ಮಾಡಿದ ಒಂದು ಅಲಂಕಾರ ತರಬೇಕು, ಅದರಲ್ಲಿ ಕುಟುಂಬದ ಫೋಟೊ ಇರಬೇಕು ಎಂದು ಅದರಲ್ಲಿ ಬರೆದಿತ್ತು.

ಏಳು ವರ್ಷದ ಮಗಳು ತಕ್ಷಣ ನನ್ನ ಫೋನ್ ಕಿತ್ತುಕೊಂಡು, ಬೇಸಿಗೆ ರಜೆಯಲ್ಲಿ ಸಮುದ್ರದ ಹತ್ತಿರ ತೆಗೆದ ಸೆಲ್ಫಿಯೊಂದನ್ನು ಆರಿಸಿದಳು. ಅದರಲ್ಲಿ ಇದ್ದವರು ಅವಳು, ಅವಳಪ್ಪ, ನಾನು.

"ಅಜ್ಜಿ ಬೇಡ್ವಾ?" ಅಂದೆ.

"ಕುಟುಂಬದ ಫೋಟೊ ಅಮ್ಮ ಇದು. ಅಜ್ಜಿ ಫೋನಲ್ಲಿ ಇರೋರು."

ಅವಳ ಮಾತಿನಲ್ಲಿ ಕುಹಕ ಇರಲಿಲ್ಲ. ಅವಳು ಕಂಡ ಪ್ರಪಂಚ ಅಷ್ಟೇ. ಭಾನುವಾರ ಬೆಳಗ್ಗೆ ಪರದೆಯ ಮೇಲೆ ಬರುವ ಅಜ್ಜಿ, ಎರಡು ವರ್ಷಕ್ಕೊಮ್ಮೆ ತಿಪಟೂರಿನಲ್ಲಿ ಮೂರು ವಾರ ಸಿಗುವ ಅಜ್ಜಿ. ಉಳಿದ ದಿನಗಳಲ್ಲಿ ನಾವು ಮೂರೇ ಜನ. ಆದರೂ ಆ ಮಾತು ಅವತ್ತು ರಾತ್ರಿ ನನ್ನನ್ನು ಮಲಗಲು ಬಿಡಲಿಲ್ಲ.

ನಮ್ಮ ಬೀರುವಿನ ಮೇಲಿನ ಅರೆಯಲ್ಲಿ ಒಂದು ಹಳೆಯ ಆಲ್ಬಮ್ ಇತ್ತು. ಮೂರು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ನಾನು ಇಲ್ಲಿದ್ದೆ. ಊರು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ವಾಪಸು ಬರುವಾಗ ಅಮ್ಮ ಆ ಆಲ್ಬಮನ್ನು ಟವೆಲಿನಲ್ಲಿ ಸುತ್ತಿ ನನ್ನ ಸೂಟ್‌ಕೇಸಿಗೆ ಇಟ್ಟರು. ಅದನ್ನು ನಾನು ಒಮ್ಮೆಯೂ ತೆರೆದಿರಲಿಲ್ಲ.

ಈಗಲೂ ತೆರೆಯಲಿಲ್ಲ. ಬದಲಿಗೆ, "ಶನಿವಾರ ಲೌಷಾಕ್ಕೆ ಹೋಗೋಣ" ಅಂದೆ. ಕಷ್ಟದ ಕೆಲಸವನ್ನು ಮುಂದೂಡಲು ನಮ್ಮಂಥ ಸಂಶೋಧಕರಿಗೆ ಒಂದು ಗೌರವಸ್ಥ ಉಪಾಯ ಗೊತ್ತು: ಮೊದಲು ಹಿನ್ನೆಲೆ ಅಧ್ಯಯನ ಮಾಡುವುದು.

ಗಾಜಿನ ಊರು

ನಾವಿರುವುದು ಜರ್ಮನಿಯ ಥುರಿಂಗಿಯಾ ರಾಜ್ಯದ ಯೇನಾದಲ್ಲಿ. ಕಾರ್ಲ್ ಝೈಸ್ 1846ರಲ್ಲಿ ಕಾರ್ಯಾಗಾರ ತೆರೆದ ಊರು ಇದು. ಇಲ್ಲಿ ಎಲ್ಲರ ಮಾತೂ ಒಂದಲ್ಲ ಒಂದು ಕಡೆ ಗಾಜಿಗೆ ಬಂದು ನಿಲ್ಲುತ್ತದೆ. ನನ್ನ ಕೆಲಸವೂ ಅದೇ: ಗಾಜಿನ ಮೇಲೆ ಲೋಹದ ಅತಿ ತೆಳುವಾದ ಪದರಗಳನ್ನು ಕೂರಿಸುವುದು. ಲೌಷಾ ಇಲ್ಲಿಂದ ದಕ್ಷಿಣಕ್ಕೆ, ಕಾರಿನಲ್ಲಿ ಎರಡು ಗಂಟೆಯೊಳಗಿನ ದಾರಿ. ಝಾಲೆ ನದಿಯ ಕಣಿವೆ ಬಿಟ್ಟು ಬೆಟ್ಟ ಹತ್ತತೊಡಗಿದರೆ ಫರ್ ಮರಗಳ ಕಾಡು ಎರಡೂ ಕಡೆಯಿಂದ ಒತ್ತಿಕೊಂಡು ಬರುತ್ತದೆ. ಮನೆಗಳ ಬಣ್ಣ ಕಪ್ಪಾಗುತ್ತದೆ. ಅಲ್ಲಿಯ ಮನೆಗಳ ಚಾವಣಿಗೆ ಮಾತ್ರವಲ್ಲ, ಗೋಡೆಗೂ ಸ್ಲೇಟು ಕಲ್ಲಿನ ಬಿಲ್ಲೆಗಳನ್ನು ಹೊದಿಸಿರುತ್ತಾರೆ. ಪಕ್ಕದ ಸ್ಟೈನಾಖ್ ಎಂಬ ಊರು ಒಂದು ಕಾಲದಲ್ಲಿ ಸ್ಲೇಟಿನ ಬಳಪಕ್ಕೆ ಹೆಸರುವಾಸಿ. "ನಾನು ಅ ಆ ಇ ಈ ತಿದ್ದಿದ್ದು ಇಂಥ ಕಲ್ಲಿನ ಮೇಲೆ" ಎಂದು ಮಗಳಿಗೆ ಹೇಳಿದೆ. "ಗೋಡೆ ಮೇಲಾ?" ಅಂದಳು.

ಲೌಷಾ ಒಂದು ಕಿರಿದಾದ ಕಣಿವೆಯಲ್ಲಿ ಉದ್ದಕ್ಕೆ ಮಲಗಿರುವ ಸಣ್ಣ ಊರು. 1597ರಲ್ಲಿ ಹಾನ್ಸ್ ಗ್ರೈನರ್ ಮತ್ತು ಕ್ರಿಸ್ಟೋಫ್ ಮ್ಯುಲರ್ ಎಂಬ ಇಬ್ಬರು ಗಾಜುಗಾರರು ಇಲ್ಲಿ ಕುಲುಮೆ ಹಾಕಿದರು. ಕುಲುಮೆಗೆ ಕಾಡಿನ ಸೌದೆ, ಗಾಜಿಗೆ ಮರಳು, ಮರದ ಬೂದಿ ಎಲ್ಲ ಇಲ್ಲೇ ಸಿಗುತ್ತಿದ್ದವು. ಊರು ಹುಟ್ಟಿದ್ದೇ ಆ ಕುಲುಮೆಯ ಸುತ್ತ. ಕ್ರಮೇಣ ಜನ ಮನೆಮನೆಯಲ್ಲಿ ಸಣ್ಣ ದೀಪದ ಉರಿಯಲ್ಲಿ ಗಾಜಿನ ಕೊಳವೆಗಳನ್ನು ಕಾಯಿಸಿ ಮಣಿ, ಆಟಿಕೆ ಊದತೊಡಗಿದರು. 1835ರಲ್ಲಿ ಲುಡ್ವಿಗ್ ಮ್ಯುಲರ್-ಊರಿ ಎಂಬವರು ಇಲ್ಲಿಯೇ ಮನುಷ್ಯರಿಗೆ ಗಾಜಿನ ಕೃತಕ ಕಣ್ಣು ಮಾಡಿದರು.

ಕ್ರಿಸ್‌ಮಸ್ ಗುಂಡಿನ ಬಗ್ಗೆ ಊರಲ್ಲಿ ಒಂದು ಕತೆ ಹೇಳುತ್ತಾರೆ. ಆಗ ಮರಕ್ಕೆ ಸೇಬು, ಅಕ್ರೋಟುಗಳನ್ನೇ ಕಟ್ಟುವ ರೂಢಿಯಿತ್ತು. ಅವನ್ನು ಕೊಳ್ಳಲು ದುಡ್ಡಿಲ್ಲದ ಒಬ್ಬ ಬಡ ಗಾಜುಗಾರ ತನ್ನ ಮಕ್ಕಳಿಗಾಗಿ ಗಾಜಿನಲ್ಲೇ ಹಣ್ಣು ಕಾಯಿಗಳನ್ನು ಊದಿದನಂತೆ. ಕತೆಯನ್ನು ಕತೆಯಾಗಿಯೇ ಕೇಳಬೇಕು. ಆದರೆ 1848ರ ಆರ್ಡರ್ ಪುಸ್ತಕವೊಂದರಲ್ಲಿ ಮರದ ಗಾಜಿನ ಗುಂಡುಗಳ ಬೇಡಿಕೆ ದಾಖಲಾಗಿರುವುದು ನಿಜ. 1867ರಲ್ಲಿ ಊರಿಗೆ ಗ್ಯಾಸ್ ಬಂತು; ಉರಿ ಹದಕ್ಕೆ ಸಿಕ್ಕಿದ್ದರಿಂದ ತೆಳು ಗೋಡೆಯ ದೊಡ್ಡ ಗುಂಡುಗಳನ್ನು ಊದುವುದು ಸಾಧ್ಯವಾಯಿತು. 1880ರ ದಶಕದಲ್ಲಿ ಎಫ್. ಡಬ್ಲ್ಯು. ವೂಲ್ವರ್ತ್ ಇವನ್ನು ಅಮೆರಿಕದ ತನ್ನ ಅಂಗಡಿಗಳಲ್ಲಿ ಮಾರತೊಡಗಿದ. ಅಮೆರಿಕದಲ್ಲಿರುವ ನೀವು ಡಿಸೆಂಬರಿನಲ್ಲಿ ಕಾಣುವ ಹೊಳೆಯುವ ಗುಂಡುಗಳ ವಂಶಾವಳಿ ಹೀಗೆ ಈ ಕಣಿವೆಗೆ ಬಂದು ಸೇರುತ್ತದೆ.

ನನಗೆ ಹಿಡಿಸಿದ್ದು ಆ ಕೆಲಸ ಮನೆಯೊಳಗೆ ಹಂಚಿಹೋಗಿದ್ದ ರೀತಿ. ಗಂಡಸರು ಊದುವುದು, ಹೆಂಗಸರು ಬೆಳ್ಳಿ ಹಾಕಿ ಬಣ್ಣ ಬಳಿಯುವುದು, ಮಕ್ಕಳು ತುದಿಗೆ ಟೋಪಿ ಸಿಕ್ಕಿಸಿ ಡಬ್ಬಿ ತುಂಬುವುದು. 1886ರಲ್ಲಿ ರೈಲು ಬರುವವರೆಗೆ, ಹೆಂಗಸರೇ ದೊಡ್ಡ ಬುಟ್ಟಿಗಳನ್ನು ಬೆನ್ನಿಗೆ ಕಟ್ಟಿಕೊಂಡು ಝೊನ್ನೆಬರ್ಗಿನ ವ್ಯಾಪಾರಿಗಳ ತನಕ ನಡೆದುಹೋಗುತ್ತಿದ್ದರು. ಗಾಜಿನ ಬುಟ್ಟಿ ಹೊತ್ತು ಬೆಟ್ಟ ಇಳಿಯುವುದು ಹೇಗಿರಬಹುದು, ಯೋಚಿಸಿ.

ಬೆಳ್ಳಿಯ ಒಳಮೈ

ಅಡ್ವೆಂಟಿನ ಮೊದಲ ವಾರಾಂತ್ಯಗಳಲ್ಲಿ ಅಲ್ಲಿ ಗುಂಡುಗಳ ಸಂತೆ ನಡೆಯುತ್ತದೆ. ನಾವು ಹೋದ ದಿನ ಸಣ್ಣಗೆ ಹಿಮ ಬೀಳುತ್ತಿತ್ತು. ಒಂದು ಕಾರ್ಯಾಗಾರದಲ್ಲಿ ವಯಸ್ಸಾದ ಕುಶಲಕರ್ಮಿಯೊಬ್ಬರು ಉರಿಯ ಮುಂದೆ ಕೂತು ಗಾಜಿನ ಕೊಳವೆಯನ್ನು ಬೆರಳಲ್ಲಿ ತಿರುಗಿಸುತ್ತಿದ್ದರು. ಗಾಜು ಕಿತ್ತಳೆ ಬಣ್ಣಕ್ಕೆ ತಿರುಗಿ ಮೆತ್ತಗಾದಾಗ ಉರಿಯಿಂದ ಹೊರಗೆ ತಂದು ಒಂದೇ ಉಸಿರು ಊದಿದರು. ಗುಂಡು ಉಬ್ಬಿ ನಿಂತಿತು. ನಂತರ ಮಗಳನ್ನು ಕರೆದು ಕೊಳವೆಯ ತುದಿಯನ್ನು ಅವಳ ಬಾಯಿಗೆ ಕೊಟ್ಟರು. ಅವರು ತಿರುಗಿಸುತ್ತಾ ಹೋದರು, ಇವಳು ಕೆನ್ನೆ ಉಬ್ಬಿಸಿ ಊದಿದಳು. ಗುಂಡು ಒಂದು ಕಡೆ ವಾಲಿ, ಮಾವಿನಕಾಯಿಯಂತಾಯಿತು. "ಇದನ್ನ ಅಂಗಡಿಯಲ್ಲಿ ಮಾರಲ್ಲ, ಇದು ನಿನ್ನ ಉಸಿರು" ಎಂದು ಅವರು ಜರ್ಮನ್‌ನಲ್ಲಿ ಹೇಳಿದರು.

ನಾನು ಕಾದಿದ್ದು ಅದರ ಮುಂದಿನ ಹಂತಕ್ಕೆ. ಗುಂಡಿನ ಬಾಲದಂಥ ಕೊಳವೆಯ ಮೂಲಕ ಒಳಗೆ ಒಂದಿಷ್ಟು ದ್ರಾವಣ ಸುರಿಯುತ್ತಾರೆ. ಅದರಲ್ಲಿ ಸಿಲ್ವರ್ ನೈಟ್ರೇಟ್, ಅಮೋನಿಯಾ ಇರುತ್ತವೆ. ಜೊತೆಗೆ ಸಕ್ಕರೆ ಜಾತಿಯ ಒಂದು ವಸ್ತು. ಗುಂಡನ್ನು ಬಿಸಿನೀರಿನಲ್ಲಿ ಅದ್ದಿ ಕುಲುಕುತ್ತಾರೆ. ಮೊದಲು ಕಂದು, ಆಮೇಲೆ ಕಪ್ಪು, ಇದ್ದಕ್ಕಿದ್ದಂತೆ ಕನ್ನಡಿ. 19ನೇ ಶತಮಾನದ ರಸಾಯನ ವಿಜ್ಞಾನಿ ಯೂಸ್ಟುಸ್ ಫೋನ್ ಲೀಬಿಗ್ ರೂಪಿಸಿದ ಬೆಳ್ಳಿಲೇಪನದ ವಿಧಾನವೇ ಇದಕ್ಕೆ ಮೂಲ. ಇಲ್ಲಿ 1870ರ ಸುಮಾರಿಗೆ ಬಳಕೆಗೆ ಬಂತು. ಅದಕ್ಕೂ ಮೊದಲು ಸೀಸ, ತವರದಂಥ ಲೋಹಗಳನ್ನು ಒಳಗೆ ಸುರಿಯುತ್ತಿದ್ದರು. ಹೊರಗೆ ಕಾಣುವ ಹೊಳಪು ಹೊರಗಿನದಲ್ಲ, ಒಳಮೈಯದು. ಬೆಳ್ಳಿ ಒಳಗಿದೆ, ನಾವು ಗಾಜಿನ ಮೂಲಕ ಅದರ ಬೆನ್ನನ್ನು ನೋಡುತ್ತಿದ್ದೇವೆ.

ನಾನು ದಿನವೂ ನಿರ್ವಾತ ಯಂತ್ರದ ಮುಂದೆ ಕೂತು ಮಾಡುವ ಕೆಲಸವನ್ನು ಅವರು ಬಕೆಟ್ ನೀರಿನಲ್ಲಿ, ಮಣಿಕಟ್ಟಿನ ಹದದಲ್ಲಿ ಮಾಡಿದರು. ಉತ್ಸಾಹದಲ್ಲಿ ಮಗಳಿಗೆ ಪಾಠ ಶುರುಮಾಡಿದೆ: "ಹಳೇ ಕಪ್ಪು-ಬಿಳುಪು ಫೋಟೊದಲ್ಲೂ ಇದೇ ಬೆಳ್ಳಿ. ಕಪ್ಪಾಗಿ ಕಾಣೋದೆಲ್ಲ ಬೆಳ್ಳಿಯ ಸಣ್ಣ ಸಣ್ಣ ಕಣ. 1839ರಲ್ಲಿ ಬಂದ ದಾಗೆರ್ ಅನ್ನೋರ ಫೋಟೊಗಳನ್ನಂತೂ ಬೆಳ್ಳಿ ಹೊದಿಸಿದ ತಾಮ್ರದ ತಟ್ಟೆ ಮೇಲೇ ತೆಗೀತಿದ್ರು."

"ಹಂಗಾದ್ರೆ ತಾತನ ಫೋಟೊನೂ ಬೆಳ್ಳಿಯಾ?"

"ಹೌದು."

"ನೋಡ್ಬೇಕು."

ಹಿನ್ನೆಲೆ ಅಧ್ಯಯನ ಅಲ್ಲಿಗೆ ಮುಗಿಯಿತು.

ಆಲ್ಬಮ್ ತೆರೆದಾಗ

ಭಾನುವಾರ ಬೆಳಗ್ಗೆ ಆಲ್ಬಮ್ ಊಟದ ಮೇಜಿಗೆ ಬಂತು. ಅಂಟಿನ ಹಾಳೆಯ ಮೇಲೆ ಫೋಟೊ ಇಟ್ಟು ಪ್ಲಾಸ್ಟಿಕ್ ಪರದೆ ಮುಚ್ಚುವ ಆಲ್ಬಮ್ ಅದು. ನಿಮ್ಮ ಊರ ಮನೆಯಲ್ಲೂ ಇಂಥದ್ದೊಂದು ಇರಬಹುದು. ಇದ್ದರೆ ಮುಂದಿನ ಸಾಲು ಗಮನವಿಟ್ಟು ಓದಿ. ಮೊದಲ ಫೋಟೊವನ್ನೇ ನಾನು ಉಗುರಿನಿಂದ ಎಬ್ಬಿಸಲು ಹೋಗಿ ಹರಿದೆ. ಒಂದೇ ತಾನಿನಲ್ಲಿ ಹೊಲಿಸಿದ ಲಂಗ ತೊಟ್ಟ ಇಬ್ಬರು ಹುಡುಗಿಯರ ಫೋಟೊ. ಕೆಳಗಿನ ಮೂಲೆ, ಒಂದು ಪಾದದ ಸಮೇತ, ಹಾಳೆಗೇ ಅಂಟಿ ಉಳಿಯಿತು. ಡಾಕ್ಟರೇಟ್ ಪಡೆದ ಕೈ, ಅರವತ್ತು ವರ್ಷ ಬಾಳಿದ ಫೋಟೊ, ಎರಡು ಸೆಕೆಂಡ್.

ಆಗ ಇಲ್ಲಿ ಹತ್ತೂವರೆ, ಊರಲ್ಲಿ ಮಧ್ಯಾಹ್ನ ಮೂರು. ಅಮ್ಮನಿಗೆ ಕರೆ ಮಾಡಿ, ಅಳು ಬರುವ ದನಿಯಲ್ಲಿ ತಪ್ಪೊಪ್ಪಿಕೊಂಡೆ. ಅಮ್ಮ ಕನ್ನಡಕ ಹಾಕಿಕೊಂಡು ಪರದೆಗೆ ಹತ್ತಿರ ಬಂದರು.

"ಪಾದ ಹೋದ್ರೆ ಹೋಗ್ಲಿ ಬಿಡೆ, ಮುಖ ಇದೆಯಲ್ಲ. ಎಡಗಡೆ ನಾನು, ಬಲಗಡೆ ನಿಮ್ಮ ದೊಡ್ಡಮ್ಮ. ಆ ಪಾದ ಅವಳದು. ಅವತ್ತು ಹೊಸ ಚಪ್ಪಲಿ ಕಚ್ಚಿ ಅಳ್ತಿದ್ಲು, ಅದಕ್ಕೇ ಬರಿಗಾಲು."

ಮಗಳು ತಟ್ಟನೆ ಮುಂದೆ ಬಂದಳು. "ಚಪ್ಪಲಿ ಹೇಗೆ ಕಚ್ಚುತ್ತೆ?"

ಅಲ್ಲಿಂದ ಒಂದೂವರೆ ಗಂಟೆ ನಾನು ಪಕ್ಕಕ್ಕೆ ಸರಿದು ಪುಟ ತಿರುಗಿಸುವವಳಾದೆ. ಜರ್ಮನ್‌ನಲ್ಲಿ ಮಗಳಿಗೆ ಗಂಡಸರೆಲ್ಲ ಓಂಕೆಲ್, ಹೆಂಗಸರೆಲ್ಲ ಟಾಂಟೆ. ಅಜ್ಜಿ ಅದಕ್ಕೆ ಒಪ್ಪಲಿಲ್ಲ. "ಇವರು ನನ್ನ ತಮ್ಮ. ನಿನ್ನಮ್ಮನಿಗೆ ಸೋದರಮಾವ. ನಿನಗೆ ಮಾವ ಅಲ್ಲ, ತಾತ ಆಗ್ತಾರೆ. ಚಿಕ್ಕ ತಾತ ಅನ್ನು." "ಇವಳು ನಿನ್ನ ತಾತನ ತಂಗಿ, ನಿನ್ನಮ್ಮನಿಗೆ ಸೋದರತ್ತೆ." ಮಗಳು ಕಾಗದದ ಮೇಲೆ ಬಾಣಗಳನ್ನು ಎಳೆದು ನಕ್ಷೆ ಮಾಡತೊಡಗಿದಳು. ಮೂರು ಜನರ ಕುಟುಂಬ ಅವಳ ಹಾಳೆಯ ಅಂಚಿನಿಂದ ಹೊರಗೆ ಹೋಯಿತು.

ಆಮೇಲೆ ಅಪ್ಪನ ಫೋಟೊ ಬಂತು. ಸ್ಟುಡಿಯೋದಲ್ಲಿ ತೆಗೆಸಿದ್ದು, ಎದೆಯವರೆಗೆ, ಕಪ್ಪು ಕೋಟು, ಟೈ. ಮಗಳು ಅದನ್ನು ಕಿಟಕಿಯ ಬೆಳಕಿಗೆ ವಾರೆಯಾಗಿ ಹಿಡಿದು ಕೂಗಿದಳು. ಕೋಟಿನ ಕಪ್ಪಿನ ಮೇಲೆ ನೀಲಿ ಛಾಯೆಯ ಬೆಳ್ಳಿ ಹೊಳಪು, ಥೇಟ್ ಲೌಷಾದ ಗುಂಡಿನಂತೆ. ಇದು ನಿಜವಾದ ಬೆಳ್ಳಿಯೇ. ತೇವ, ಗಾಳಿಯ ಮಲಿನತೆ, ಆಲ್ಬಮ್ಮಿನ ಅಂಟು ಇವುಗಳಿಂದ ಫೋಟೊದೊಳಗಿನ ಬೆಳ್ಳಿ ನಿಧಾನವಾಗಿ ಮೇಲ್ಮೈಗೆ ಬಂದು ಅಲ್ಲಿ ಕನ್ನಡಿಯಂತೆ ಕೂರುತ್ತದೆ. ಹಾನಿಯ ಲಕ್ಷಣ ಅದು. ಅವಳಿಗೆ ಅದು ಪವಾಡ. ಅವಳ ಸಂತೋಷವನ್ನು ನಾನು ಕೆಡಿಸಲಿಲ್ಲ.

"ತಾತ ಆಫೀಸಿಗೆ ಕೋಟು ಹಾಕ್ಕೊಂಡು ಹೋಗ್ತಿದ್ರಾ?"

ಅಮ್ಮ ನಗತೊಡಗಿದರು. ನಗು ನಿಲ್ಲಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡರು. "ಆ ಕೋಟು ಅವರದ್ದಲ್ಲ ಕಣೆ, ಸ್ಟುಡಿಯೋದವರದ್ದು. ಎಲ್ಲರಿಗೂ ಅದೇ ಕೋಟು. ದೊಡ್ಡದಾಯ್ತು ಅಂತ ಬೆನ್ನ ಹಿಂದೆ ಕ್ಲಿಪ್ ಹಾಕಿ ಬಿಗಿ ಮಾಡಿದ್ರಂತೆ. ಕೆಳಗೆ ಉಟ್ಟಿದ್ದಿದ್ದು ಪಂಚೆ. ನನ್ನ ನೋಡೋಕೆ ಬರೋ ಮೊದಲು ನಮ್ಮನೆಗೆ ಕಳಿಸಿದ್ದ ಫೋಟೊ ಅದು. ಯಾರಿಗೂ ಹೇಳಬಾರದು ಅಂತ ಮದುವೆ ಆದ್ಮೇಲೆ ಆಣೆ ಹಾಕಿಸಿಕೊಂಡಿದ್ರು."

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಫೋಟೊ ನೋಡುತ್ತಾ ಬೆಳೆದಿದ್ದೇನೆ. ನನ್ನಪ್ಪನಿಗೆ ಒಂದು ಕಪ್ಪು ಕೋಟು ಇತ್ತು ಎಂದೇ ನಂಬಿದ್ದೆ. ತಿಪಟೂರಿಗೆ ಹೋಗುವುದು ತಡವಾದ ಮೇಲೆ ಅವರ ಬಗ್ಗೆ ಹೊಸದಾಗಿ ತಿಳಿಯುವುದು ಇನ್ನೇನೂ ಉಳಿದಿಲ್ಲ ಅಂದುಕೊಂಡಿದ್ದೆ. ಉಳಿದಿತ್ತು.

"ಬೇಡ ಕಣೆ"

ಖುಷಿಯಲ್ಲಿ ಹೇಳಿಬಿಟ್ಟೆ: "ಅಮ್ಮ, ಇವನ್ನೆಲ್ಲ ಚಿಕ್ಕದಾಗಿ ಪ್ರಿಂಟ್ ಮಾಡಿ ಕ್ರಿಸ್‌ಮಸ್ ಗಿಡಕ್ಕೆ ನೇತುಹಾಕ್ತೀವಿ."

ಅಮ್ಮನ ಮುಖ ಬದಲಾಯಿತು. "ನಿನ್ನಪ್ಪನ್ನೂನಾ? ಹೋದವರನ್ನ ದಾರ ಕಟ್ಟಿ ಗಿಡಕ್ಕೆ ನೇತುಹಾಕ್ತೀಯಾ? ಬೇಡ ಕಣೆ. ನನಗೆ ನೋಡೋಕಾಗಲ್ಲ."

ಕ್ರಿಸ್‌ಮಸ್ ಬಗ್ಗೆ ಅವರ ತಕರಾರು ಇರಲಿಲ್ಲ, ಎಲ್ಲರ ಹಬ್ಬವೂ ಅವರಿಗೆ ಹಬ್ಬವೇ. ತಕರಾರು ಆ ಕ್ರಿಯಾಪದದ ಬಗ್ಗೆ. ಆದರೆ ಮಗಳು ವಾದಕ್ಕೆ ನಿಂತಳು: "ಅಜ್ಜಿ, ನಿಮ್ಮನೇಲೂ ತಾತ ಗೋಡೆ ಮೇಲೆ ನೇತಾಡ್ತಾರಲ್ಲ?"

"ಅದು ನೇತುಹಾಕಿರೋದಲ್ಲ ಮರಿ. ಫೋಟೊ ಹಾಕಿರೋದು."

ಈ ಮಾತನ್ನು ನಾನು ಆಮೇಲೆ ಬಹಳ ಹೊತ್ತು ಯೋಚಿಸಿದೆ. ಜರ್ಮನ್‌ನಲ್ಲಿ ಕೋಟಿಗೂ, ಚಿತ್ರಕ್ಕೂ, ಗಾಜಿನ ಗುಂಡಿಗೂ ಒಂದೇ ಮಾತು ಸಾಕು: ಔಫ್‌ಹೆಂಗನ್. ಮಗಳು ಅದನ್ನೇ ಕನ್ನಡಕ್ಕೆ ತಂದು ಎಲ್ಲವನ್ನೂ 'ನೇತುಹಾಕು' ಅನ್ನುತ್ತಿದ್ದಳು, ನಾನೂ ಅದನ್ನೇ ಹೇಳತೊಡಗಿದ್ದೆ. ನಮ್ಮಲ್ಲಿ ಹಾಗಿಲ್ಲ. ಫೋಟೊ ಹಾಕುತ್ತೇವೆ. ತೋರಣ ಕಟ್ಟುತ್ತೇವೆ. ಬಟ್ಟೆ ಒಣಹಾಕುತ್ತೇವೆ. ಗೂಟಕ್ಕೆ ಚೀಲ ತಗುಲಿಹಾಕುತ್ತೇವೆ. ಗೊಂಬೆ ಕೂರಿಸುತ್ತೇವೆ. ಕೈ ಮಾಡುವ ಕೆಲಸ ಹೆಚ್ಚುಕಡಿಮೆ ಒಂದೇ ಇರಬಹುದು. ಆ ವಸ್ತುವಿನ ಜೊತೆ ನಮಗೆ ಏನು ನಂಟು ಅನ್ನುವುದನ್ನು ಕ್ರಿಯಾಪದ ಹೇಳುತ್ತದೆ. ಹೊರದೇಶದಲ್ಲಿ ಬೆಳೆಯುವ ಮಕ್ಕಳ ಕನ್ನಡದಲ್ಲಿ ನಾಮಪದಗಳು ಎಷ್ಟೋ ಉಳಿದುಕೊಳ್ಳುತ್ತವೆ: ಅನ್ನ, ಸಾರು, ಅಜ್ಜಿ, ದೇವರು. ನನ್ನ ಮನೆಯಲ್ಲಿ ಸದ್ದಿಲ್ಲದೆ ಕಳಚಿ ಬೀಳುತ್ತಿದ್ದದ್ದು ಈ ಕ್ರಿಯಾಪದಗಳು. ನಿಮ್ಮ ಮನೆಯಲ್ಲೂ ಒಮ್ಮೆ ಕಿವಿಗೊಟ್ಟು ನೋಡಿ.

ಮರುದಿನ ನಾನು ಲ್ಯಾಬಿನಲ್ಲಿದ್ದಾಗ ಅಮ್ಮನೇ ಕರೆ ಮಾಡಿದರು.

"ರಾತ್ರಿಯೆಲ್ಲ ಯೋಚನೆ ಮಾಡಿದೆ. ಬದುಕಿರೋರನ್ನ ಏನಾದ್ರೂ ಮಾಡ್ಕೊ. ನಿನ್ನಪ್ಪನ್ನ ನೇತುಹಾಕಬೇಡ, ಕೂರಿಸು. ನವರಾತ್ರೀಲಿ ಗೊಂಬೆ ಕೂರಿಸ್ತೀವಲ್ಲ, ಹಾಗೆ. ಅವರಿಗೂ ಜನ ಸೇರೋ ಜಾಗದಲ್ಲಿ ಕೂರೋದು ಇಷ್ಟ."

ಮಾಡುವ ಬಗೆ

ನಾವು ಕಲಿತದ್ದನ್ನು, ಕೆಡಿಸಿದ್ದನ್ನೂ ಸೇರಿಸಿ, ನಿಮಗೆ ಹೇಳುತ್ತೇನೆ.

ಮೂಲ ಫೋಟೊವನ್ನು ಅಲಂಕಾರಕ್ಕೆ ಬಳಸಲೇಬೇಡಿ. ಆಲ್ಬಮ್ಮಿಗೆ ಅಂಟಿಕೊಂಡಿದ್ದರೆ ಉಗುರು, ಚಾಕು ಬೇಡ. ಹಲ್ಲಿನ ಸಂದಿ ಶುಚಿ ಮಾಡುವ ಮೇಣವಿಲ್ಲದ ದಾರವನ್ನು ಫೋಟೊದ ಹಿಂದೆ ತೂರಿಸಿ, ಗರಗಸದಂತೆ ನಿಧಾನಕ್ಕೆ ಎಳೆಯಿರಿ. ಅದಕ್ಕೂ ಬರದಿದ್ದರೆ ಬಿಟ್ಟುಬಿಡಿ. ಹಾಳೆಯ ಸಮೇತ ಸ್ಕ್ಯಾನ್ ಮಾಡಿದರಾಯಿತು. 600 ಡಿಪಿಐ ಇಟ್ಟರೆ ಸಣ್ಣ ಮುಖಗಳನ್ನೂ ಬೇಕಾದ ಅಳತೆಗೆ ದೊಡ್ಡದು ಮಾಡಬಹುದು. ಹಳೆಯ ಫೋಟೊವನ್ನು ಅಂಚಿನಲ್ಲಿ ಹಿಡಿಯಿರಿ. ನೀರು ತಾಕಿಸಬೇಡಿ, ಅದರ ಮೇಲಿರುವ ಜೆಲಟಿನ್ ಪದರ ನೀರಿಗೆ ಉಬ್ಬಿ ಅಂಟುತ್ತದೆ. ಬೆಳ್ಳಿ ಹೊಳಪು ಬಂದಿದ್ದರೆ ಒರೆಸಲು ಹೋಗಬೇಡಿ. ಹಿಂದೆ ಹೆಸರು ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ, ಒತ್ತದೆ ಬರೆಯಿರಿ.

ಪ್ರತಿಯನ್ನು ಲೇಸರ್ ಪ್ರಿಂಟರಿನಲ್ಲಿ ತೆಗೆಯಿರಿ. ನಾವು ಮೊದಲು ಮನೆಯ ಇಂಕ್‌ಜೆಟ್‌ನಲ್ಲಿ ತೆಗೆದು ಮೇಲೆ ಅಂಟು ಸವರಿದೆವು. ಒಂಬತ್ತು ವರ್ಷದ ಅಜ್ಜಿಯ ಮುಖ ನೀಲಿ ಮೋಡವಾಗಿ ಹರಡಿತು. ಇಂಕ್‌ಜೆಟ್ಟಿನ ಬಹುಪಾಲು ಶಾಯಿ ನೀರಿನಲ್ಲಿ ಕರಗುತ್ತದೆ. ಲೇಸರಿನ ಪುಡಿ ಕಾಗದಕ್ಕೆ ಕರಗಿ ಅಂಟಿದ ಪ್ಲಾಸ್ಟಿಕ್, ನೀರಂಟಿಗೆ ಜಗ್ಗುವುದಿಲ್ಲ.

ಎರಡು ಬಗೆಯ ಅಲಂಕಾರ ಮಾಡಿದೆವು. ಒಂದು, ಎರಡು ಹೋಳಾಗಿ ತೆರೆಯುವ ಪಾರದರ್ಶಕ ಪ್ಲಾಸ್ಟಿಕ್ ಗುಂಡು. ಕರಕುಶಲ ವಸ್ತುಗಳ ಅಂಗಡಿಗಳಲ್ಲಿ ಸಿಗುತ್ತದೆ. ಆರು ಸೆಂಟಿಮೀಟರಿನ ಗುಂಡಿಗೆ ಐದೂವರೆ ಸೆಂಟಿಮೀಟರಿನ ವೃತ್ತವನ್ನು ದಪ್ಪ ಕಾಗದದಲ್ಲಿ ಕತ್ತರಿಸಿ, ಎರಡು ಕಡೆಗೂ ಮುಖ ಅಂಟಿಸಿ ಒಳಗೆ ನಿಲ್ಲಿಸುವುದು. ಒಂದು ಕಡೆ ಲಂಗದ ಅಜ್ಜಿ, ಇನ್ನೊಂದು ಕಡೆ ಮೊಮ್ಮಗಳು. ಗುಂಡು ತಿರುಗಿದಾಗ ಒಬ್ಬರಾದ ಮೇಲೆ ಒಬ್ಬರು ಬರುತ್ತಾರೆ.

ಎರಡನೆಯದು ಅಕ್ರೋಟಿನ ಚಿಪ್ಪು. ಲೌಷಾದ ಕತೆಯಲ್ಲಿ ಬಡವನಿಗೆ ಸಿಗದ ಅದೇ ಅಕ್ರೋಟು. ಬುಡದ ಸಂದಿಗೆ ಚಾಕುವಿನ ತುದಿ ಇಟ್ಟು ದೊಡ್ಡವರು ತಿರುಗಿಸಿದರೆ ಸರಿಯಾಗಿ ಎರಡು ಹೋಳಾಗುತ್ತದೆ. ತಿರುಳು ತಿನ್ನಿ, ಒಳಗೆ ಕೆರೆದು ಒರೆಸಿ. ಚಿಪ್ಪನ್ನು ಕಾಗದದ ಮೇಲೆ ಬೋರಲಿಟ್ಟು ಗೆರೆ ಎಳೆದು, ಅದಕ್ಕಿಂತ ಒಂದು ಕೂದಲೆಳೆ ಒಳಗೆ ಫೋಟೊ ಕತ್ತರಿಸಿ ಕೂರಿಸಿ. ನಮ್ಮಮ್ಮ ಅದನ್ನು ನೋಡಿ, "ಕೊಬ್ಬರಿ ಗಿಟುಕಿನ ಮರಿ ಇದ್ದ ಹಾಗಿದೆ" ಅಂದರು. ತಿಪಟೂರಿನವರು ಇನ್ನೇನು ಹೇಳಿಯಾರು?

ಹಿಂದೆ ಕನ್ನಡದಲ್ಲಿ ಬರೆಯಿರಿ, ಮಗುವಿನ ಕೈಯಲ್ಲೇ ಬರೆಸಿ. ಹೆಸರಿಗಿಂತ ಮೊದಲು ಸಂಬಂಧ, ಆಮೇಲೆ ಊರು, ಆಮೇಲೆ ಅಜ್ಜಿ ಹೇಳಿದ ಒಂದು ಮಾತು. ನಮ್ಮ ಒಂದು ಗುಂಡಿನ ಮೇಲೆ ಹೀಗಿದೆ: "ದೊಡ್ಡಜ್ಜಿ. ಚಪ್ಪಲಿ ಕಚ್ಚಿತು." ಅಕ್ಷರ ವಾಲಿವೆ, ತಿದ್ದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಸೂಚನೆ: ಕತ್ತರಿ ಹಿಡಿಯುವ ಮೊದಲು ಊರಿಗೆ ಕರೆ ಮಾಡಿ, ಒಪ್ಪಿಗೆ ಕೇಳಿ ಮಾತನ್ನು ಧ್ವನಿಮುದ್ರಿಸಿಕೊಳ್ಳಿ. ಫೋಟೊವನ್ನು ಯಾವಾಗ ಬೇಕಾದರೂ ಸ್ಕ್ಯಾನ್ ಮಾಡಬಹುದು. ಕೋಟು ಯಾರದ್ದೆಂದು ಹೇಳಬಲ್ಲವರು ನಮ್ಮ ಮನೆಯಲ್ಲಿ ಒಬ್ಬರೇ ಉಳಿದಿದ್ದರು. ಮರ ಬೇಕೆಂದೇನಿಲ್ಲ; ದುಬೈಯಲ್ಲೋ ಸಿಂಗಪುರದಲ್ಲೋ ಇದ್ದರೆ ಹೂದಾನಿಯಲ್ಲಿ ನಿಲ್ಲಿಸಿದ ಒಣಕೊಂಬೆ ಸಾಕು. ಚಿಪ್ಪು, ಕಾಗದ ಎರಡೂ ಬೇಗ ಹೊತ್ತಿಕೊಳ್ಳುವ ವಸ್ತುಗಳು, ಹಾಗಾಗಿ ಮೇಣದಬತ್ತಿ ಬೇಡ, ಎಲ್‌ಇಡಿ ದೀಪ ಇರಲಿ.

ಜನವರಿ 6

ಶಾಲೆಗೆ ಹೋದದ್ದು ಅಜ್ಜಿ-ಮೊಮ್ಮಗಳ ಗುಂಡು. ಪ್ರತಿ ಮಗುವೂ ತನ್ನ ಫೋಟೊದ ಕತೆ ಹೇಳಬೇಕಿತ್ತಂತೆ. ಸಂಜೆ ಕರೆದುಕೊಂಡು ಬರಲು ಹೋದಾಗ ಟೀಚರ್ ನನ್ನನ್ನು ತಡೆದು ಕೇಳಿದರು: "ಈ 'ಪಂಚೆ' ಅಂದರೆ ಏನು?" ಮಗಳು ಅಜ್ಜಿಯ ಕತೆಯಿಂದ ತಾತನ ಕತೆಗೆ ಹೋಗಿ, ಸ್ಟುಡಿಯೋದ ಕೋಟನ್ನು ಜರ್ಮನ್‌ನಲ್ಲಿ ಚೆನ್ನಾಗಿ ವಿವರಿಸಿದ್ದಳು. ಪಂಚೆಗೆ ಜರ್ಮನ್ ಮಾತು ಸಿಗಲಿಲ್ಲ. ಅದನ್ನು ಪಂಚೆ ಎಂದೇ ಹೇಳಿ, ಬೋರ್ಡಿನ ಮೇಲೆ ಚಿತ್ರ ಬರೆದಿದ್ದಳು: ಮೇಲೆ ಕೋಟು, ಟೈ, ಕೆಳಗೆ ಪಂಚೆ. ಅಪ್ಪ ಹಾಕಿಸಿದ ಆಣೆ ಯೇನಾದ ಎರಡನೇ ತರಗತಿಯಲ್ಲಿ ಪೂರ್ತಿ ಮುರಿದುಬಿತ್ತು.

ಮನೆಯಲ್ಲಿ, ಫರ್ ಮರದ ಕೊಂಬೆ ಕಾಂಡಕ್ಕೆ ಸೇರುವ ಸಂದಿಯೊಂದರಲ್ಲಿ ಅಕ್ರೋಟಿನ ಚಿಪ್ಪು ಸರಿಯಾಗಿ ಕೂತಿತು. ದಾರವಿಲ್ಲ, ಕೊಕ್ಕೆಯಿಲ್ಲ. ಮೇಲಿನ ಕೊಂಬೆಯಲ್ಲಿ ಲೌಷಾದ ವಾಲಿದ ಗುಂಡು. ಅದರ ಬೆಳ್ಳಿಯಲ್ಲಿ ಇಡೀ ಕೋಣೆ ಸೊಟ್ಟಗೆ ಕಾಣುತ್ತಿತ್ತು. ಪರದೆಯಲ್ಲಿ ಅಮ್ಮ ಬಹಳ ಹೊತ್ತು ನೋಡಿದರು. "ಸ್ವಲ್ಪ ಬಲಕ್ಕೆ ತಿರುಗಿಸು. ಬಾಗಿಲು ಕಾಣ್ಲಿ ಅವರಿಗೆ" ಅಂದರು. ತಿರುಗಿಸಿದೆವು.

ಇಲ್ಲಿ ಬಹಳಷ್ಟು ಮನೆಗಳಲ್ಲಿ ಜನವರಿ 6ರ ಹೊತ್ತಿಗೆ ಮರ ತೆಗೆಯುತ್ತಾರೆ. ನಾನು ಮೊಟ್ಟೆಯ ಖಾಲಿ ಟ್ರೇಗಳಲ್ಲಿ ಒಂದೊಂದೇ ಗುಂಡನ್ನು ಹತ್ತಿಯಲ್ಲಿ ಸುತ್ತಿ ಇಡುತ್ತಿದ್ದೆ. ಚಿಪ್ಪಿನ ಸರದಿ ಬಂದಾಗ ಮಗಳು ಕೈ ಚಾಚಿದಳು. ವಿಜಯದಶಮಿಯ ರಾತ್ರಿ ಗೊಂಬೆಗಳನ್ನು ಏನು ಮಾಡುತ್ತಾರೆಂದು ಅಜ್ಜಿ ಯಾವಾಗ ಅವಳಿಗೆ ಹೇಳಿದ್ದರೋ ನನಗೆ ಗೊತ್ತಿಲ್ಲ.

"ಕೊಡು ಅಮ್ಮ, ತಾತನ್ನ ನಾನು ಮಲಗಿಸ್ತೀನಿ" ಅಂದಳು.